ರಿಲೇ ಇನ್ನೂ ಸತ್ತಿಲ್ಲ

ಕಳೆದ ಸಂಚಿಕೆಯಲ್ಲಿ ಪಿಸಿಎಂಸಿ ವಿಭಾಗದ ಗೆಳತಿಯೊಬ್ಬಳು ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಪಿಯುಸಿ ವಿದ್ಯಾರ್ಥಿಗಳು ಏನನ್ನು ಆರಿಸಬೇಕು ಎಂಬ ಬಗ್ಗೆ ಬರೆದಿದ್ದಳು. ಲೇಖನ ಚೆನ್ನಾಗಿತ್ತು, ಎರಡು ಸಲ ಓದಿದೆ. ಆದರೆ ನಡುವಿನಲ್ಲಿ ಒಂದು ಮಾತು ಚುಚ್ಚಿತು. ಎಲೆಕ್ಟ್ರಾನಿಕ್ಸ್ ಮುಗಿದ ವಿಷಯವಂತೆ. ರಿಲೇ, ಕಾಯಿಲ್, ಬ್ರೆಡ್‌ಬೋರ್ಡ್ ಎಲ್ಲ ಅಜ್ಜಂದಿರ ಕಾಲದ್ದಂತೆ. ಅವುಗಳನ್ನು ಹಿಡಿದುಕೊಂಡು ಕೂತರೆ ನಾವು ಹಿಂದೆ ಉಳಿಯುತ್ತೇವಂತೆ.

ನಾನು ದ್ವಿತೀಯ ಪಿಯುಸಿ, ಪಿಸಿಎಂಇ. ನಮ್ಮ ತರಗತಿಯಲ್ಲಿ ನಾವು ಹನ್ನೊಂದು ಮಂದಿ. ಪಕ್ಕದ ಕೋಣೆಯ ಪಿಸಿಎಂಸಿಯಲ್ಲಿ ಬೆಂಚು ಸಾಲದೆ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಹಾಗಾಗಿ ಮುಂದಿನ ವರ್ಷದಿಂದ ನಮ್ಮ ವಿಭಾಗಕ್ಕೆ ಪ್ರವೇಶ ನಿಲ್ಲಿಸುವ ಮಾತು ಆಡಳಿತ ಮಂಡಳಿಯಲ್ಲಿ ನಡೆಯುತ್ತಿದೆ ಎಂದು ಕೇಳಿದಾಗ ನಮಗೆ ಆಶ್ಚರ್ಯವಾಗಲಿಲ್ಲ, ಬೇಸರವಾಯಿತು. ಕಳೆದ ವಾರ ಲ್ಯಾಬಿನ ಹಳೆಯ ರಿಲೇ ಬೋರ್ಡುಗಳನ್ನು ಒಂದು ಗೋಣಿಚೀಲಕ್ಕೆ ತುಂಬಿಸಿ ಬಾಗಿಲ ಪಕ್ಕ ಇಟ್ಟಿದ್ದರು. ಗುಜರಿಯವರು ಬಂದಾಗ ಕೊಡಲಿಕ್ಕೆ.

ಈ ಲೇಖನ ಆ ಗೋಣಿಚೀಲದ ಬಗ್ಗೆ. ಅಲ್ಲಿಗೆ ಬರುವ ಮೊದಲು ಸ್ವಲ್ಪ ದೂರ ಹೋಗಬೇಕು, ಒಂದು ನ್ಯಾನೋಮೀಟರ್‌ವರೆಗೆ.

ನನ್ನ ಬಾಪನಿಗೆ ಮೋಟಾರ್ ವೈಂಡಿಂಗ್ ಅಂಗಡಿ ಉಂಟು. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಡಿಕೆ ತೋಟದವರು ಪಂಪನ್ನೂ ಸ್ಟಾರ್ಟರನ್ನೂ ತಂದು ಸಾಲಾಗಿ ಇಡುತ್ತಾರೆ. ಬಾಪ ಅಸರ್ ನಮಾಜಿಗೆ ಹೋದಾಗ ಅಂಗಡಿ ನೋಡಿಕೊಳ್ಳುವುದು ನಾನು, ಇಲ್ಲವೇ ಹತ್ತನೇ ತರಗತಿಯ ತಮ್ಮ. ಬಂದವರು ಹೇಳುವ ದೂರುಗಳಲ್ಲಿ ಒಂದು ನನಗೆ ಬಾಯಿಪಾಠ: “ಸ್ವಿಚ್ ಆಫ್ ಮಾಡಿದರೂ ಮೋಟಾರ್ ನಿಲ್ಲುವುದಿಲ್ಲ.” ಮುಚ್ಚಳ ತೆಗೆಯುವ ಮೊದಲೇ ಬಾಪ ಹೇಳುತ್ತಾರೆ, ಪಾಯಿಂಟ್ ಅಂಟಿದೆ ಅಂತ.

ಬೇಸಿಗೆಯಲ್ಲಿ ವೋಲ್ಟೇಜ್ ಬೀಳುತ್ತದೆ. ಸ್ಟಾರ್ಟರಿನ ಕಾಯಿಲ್‌ಗೆ ಪಾಯಿಂಟನ್ನು ಗಟ್ಟಿಯಾಗಿ ಎಳೆದು ಹಿಡಿಯುವಷ್ಟು ಶಕ್ತಿ ಸಿಗುವುದಿಲ್ಲ. ಅದು ಟಕಟಕ ಎಂದು ಕುಣಿಯುತ್ತದೆ. ಪ್ರತಿ ಕುಣಿತಕ್ಕೂ ಒಂದು ಕಿಡಿ. ಕಿಡಿಯ ಬಿಸಿಗೆ ಎರಡು ಪಾಯಿಂಟಿನ ಮೇಲ್ಮೈ ಕರಗಿ ಬೆಸೆದುಕೊಳ್ಳುತ್ತದೆ. ಆಮೇಲೆ ಕಾಯಿಲ್ ಬಿಟ್ಟರೂ ಸ್ಪ್ರಿಂಗ್‌ಗೆ ಬಿಡಿಸಲಾಗುವುದಿಲ್ಲ. ಕೆಲವರು ಮನೆಯಲ್ಲೇ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ತರುತ್ತಾರೆ. ಬಾಪನಿಗೆ ಸಿಟ್ಟು ಬರುವುದು ಆಗ ಮಾತ್ರ. ಅದು ಬೆಳ್ಳಿಯ ಮಿಶ್ರಲೋಹ, ಉಜ್ಜಿದರೆ ಬೆಳ್ಳಿ ಹೋಗುತ್ತದೆ, ಪಾಯಿಂಟ್ ಹಾಳಾದರೆ ಬದಲಿಸಬೇಕು, ಉಜ್ಜಬಾರದು ಎಂದು ಅವರ ಪಾಠ.

ಈಗ ನ್ಯಾನೋಮೀಟರಿಗೆ ಬರುತ್ತೇನೆ. ಮೊದಲ ಸೆಮಿನಾರಿಗೆ ಫಿಸಿಕ್ಸ್ ಸರ್ ನನಗೆ ನ್ಯಾನೋ ತಂತ್ರಜ್ಞಾನ ಎಂಬ ವಿಷಯ ಕೊಟ್ಟಿದ್ದರು. ಅಷ್ಟು ದೊಡ್ಡ ವಿಷಯದಲ್ಲಿ ಏನು ಹೇಳುವುದೆಂದು ತಿಳಿಯದೆ ಹುಡುಕುತ್ತಿದ್ದಾಗ ಕಾರ್ಬನ್ ನ್ಯಾನೋಟ್ಯೂಬಿನಿಂದ ಮಾಡಿದ ಸ್ವಿಚ್ ಕಣ್ಣಿಗೆ ಬಿತ್ತು. ಚಿತ್ರ ನೋಡಿದ ಕೂಡಲೇ ಗುರುತು ಸಿಕ್ಕಿತು. ಇದು ರಿಲೇ! ಬಾಪನ ಅಂಗಡಿಯ ರಿಲೇಯನ್ನೇ ಯಾರೋ ಲಕ್ಷಾಂತರ ಪಟ್ಟು ಕುಗ್ಗಿಸಿದ್ದಾರೆ.

ಕಾರ್ಬನ್ ನ್ಯಾನೋಟ್ಯೂಬ್ ಎಂದರೆ ಪೆನ್ಸಿಲಿನ ಗ್ರಾಫೈಟ್‌ನಲ್ಲಿರುವ ಷಟ್ಕೋನಾಕಾರದ ಇಂಗಾಲದ ಹಾಳೆಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿದ ಕೊಳವೆ. ಒಂದೇ ಹಾಳೆಯದ್ದಾದರೆ ದಪ್ಪ ಒಂದೆರಡು ನ್ಯಾನೋಮೀಟರ್. ನಮ್ಮ ತಲೆಗೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. ಜಪಾನಿನ ಸುಮಿಯೋ ಇಜಿಮಾ 1991ರಲ್ಲಿ ಇದರ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ಲೋಕವೆಲ್ಲ ಇದರ ಹಿಂದೆ ಬಿತ್ತು. (1952ರಲ್ಲೇ ಇಬ್ಬರು ರಷ್ಯನ್ ವಿಜ್ಞಾನಿಗಳು ಇಂಗಾಲದ ಇಂಥ ಕೊಳವೆಗಳ ಚಿತ್ರ ಪ್ರಕಟಿಸಿದ್ದರು. ರಷ್ಯನ್ ಭಾಷೆಯ ಪತ್ರಿಕೆಯಲ್ಲಿ ಬಂದದ್ದರಿಂದ ಹೊರಗಿನವರು ಗಮನಿಸಲಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಈ ಸಂಕಟ ಅರ್ಥವಾಗುತ್ತದೆ.) ಪ್ರಥಮ ಪಿಯುಸಿಯಲ್ಲಿ ಯಂಗ್ ಗುಣಾಂಕ ಓದಿದ್ದು ನೆನಪಿದೆಯೇ? ಉಕ್ಕಿನದ್ದು ಸುಮಾರು 200 ಗಿಗಾಪಾಸ್ಕಲ್. ನ್ಯಾನೋಟ್ಯೂಬಿನದ್ದು ಸುಮಾರು 1,000. ಅಂದರೆ ಅಷ್ಟು ತೆಳುವಾಗಿದ್ದೂ ಉಕ್ಕಿನ ಐದು ಪಟ್ಟು ಬಿಗಿ. ಬಗ್ಗಿಸಿದರೆ ಮುರಿಯದೆ ಹಿಂದಕ್ಕೆ ಚಿಮ್ಮುತ್ತದೆ. ವಿದ್ಯುತ್ತನ್ನೂ ಒಯ್ಯುತ್ತದೆ. ರಿಲೇಯ ಸ್ಪ್ರಿಂಗ್‌ಗೆ ಇನ್ನೇನು ಬೇಕು?

ಸ್ವಿಚ್ಚಿನ ರಚನೆ ಬಹಳ ಸರಳ. ಒಂದು ಕೊಳವೆಯ ತುದಿಯನ್ನು ಒಂದು ಎಲೆಕ್ಟ್ರೋಡಿಗೆ ಭದ್ರವಾಗಿ ಕೂರಿಸುತ್ತಾರೆ. ಇನ್ನೊಂದು ತುದಿ ಗಾಳಿಯಲ್ಲಿ, ಈಜುಕೊಳದ ಹಾರು ಹಲಗೆಯ ಹಾಗೆ. ಕೆಳಗೆ ಗೇಟ್ ಎಂಬ ಇನ್ನೊಂದು ಎಲೆಕ್ಟ್ರೋಡ್, ತುದಿಯ ಕೆಳಗೆ ಮೂರನೆಯದು. ಗೇಟಿಗೆ ವೋಲ್ಟೇಜ್ ಕೊಟ್ಟರೆ ವಿರುದ್ಧ ಆವೇಶಗಳ ಆಕರ್ಷಣೆಯಿಂದ ಕೊಳವೆ ಬಾಗುತ್ತದೆ, ತುದಿ ಮೂರನೆಯ ಎಲೆಕ್ಟ್ರೋಡಿಗೆ ತಾಗುತ್ತದೆ, ವಿದ್ಯುತ್ ಹರಿಯುತ್ತದೆ. ಗೇಟಿನ ವೋಲ್ಟೇಜ್ ತೆಗೆದರೆ ಮೇಲಕ್ಕೇಳುತ್ತದೆ. ಇಲ್ಲಿ ಕಾಯಿಲ್ ಇಲ್ಲ, ಆಯಸ್ಕಾಂತ ಇಲ್ಲ. ಉಳಿದದ್ದೆಲ್ಲ ಸ್ಟಾರ್ಟರೇ. ಇಂಥ ನ್ಯಾನೋ ರಿಲೇಯ ಲೆಕ್ಕವನ್ನು ಸ್ವೀಡನ್ ಮತ್ತು ನಾರ್ವೆಯ ವಿಜ್ಞಾನಿಗಳು 2003ರಲ್ಲಿ ಕಾಗದದ ಮೇಲೆ ಮಾಡಿದರು. ಮರುವರ್ಷವೇ ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ ವರದಿ ಬಂತು.

ಇದರಲ್ಲಿ ನನಗೆ ಅತಿ ಇಷ್ಟವಾದ ಒಂದು ಲೆಕ್ಕ ಉಂಟು. ಕೊಳವೆ ಬಾಗಿದಷ್ಟೂ ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಬಲ ಬಾಗಿದ ದೂರಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ಇದು ಹುಕ್ಕನ ನಿಯಮ. ಕೆಳಕ್ಕೆಳೆಯುವ ವಿದ್ಯುತ್ ಬಲ ಮಾತ್ರ ಉಳಿದ ಅಂತರದ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಮೊದಲು ಎರಡೂ ಸಮವಾಗಿ ತೂಗುತ್ತವೆ. ವೋಲ್ಟೇಜ್ ಏರಿಸುತ್ತ ಹೋದರೆ ಒಂದು ಹಂತ ದಾಟಿದ ಮೇಲೆ ಸ್ಪ್ರಿಂಗ್ ಸೋಲುತ್ತದೆ, ಕೊಳವೆ ಪಟಕ್ಕನೆ ಕೆಳಗೆ ಬೀಳುತ್ತದೆ. ಎರಡು ಸಮಾನಾಂತರ ತಟ್ಟೆಗಳ ಸರಳ ಮಾದರಿಯಲ್ಲಿ ಆ ಹಂತ ಎಲ್ಲಿ ಬರುತ್ತದೆ ಗೊತ್ತೇ? ಅಂತರದ ಸರಿಯಾಗಿ ಮೂರನೇ ಒಂದು ಭಾಗದಲ್ಲಿ. ಎರಡು ಬಲಗಳನ್ನು ಸಮ ಮಾಡಿ, ಅವುಗಳ ನಿಷ್ಪನ್ನಗಳನ್ನೂ ಸಮ ಮಾಡಿ, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಾಕು, ನಾಲ್ಕೇ ಸಾಲು. ಉಳಿದ ರಾಶಿಗಳೆಲ್ಲ ಹಾರಿಹೋಗಿ ಮೂರನೇ ಒಂದು ಮಾತ್ರ ಉಳಿಯುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ಬಂದ ರಾತ್ರಿ ನಾನು ಉಮ್ಮನನ್ನು ಎಬ್ಬಿಸಿ ತೋರಿಸಿದೆ. ಉಮ್ಮ, “ಸರಿ, ಈಗ ಮಲಗು” ಎಂದರು.

ಬೀಳಲು ಬೇಕಾದ ವೋಲ್ಟೇಜ್ ಹೆಚ್ಚು, ಬಿದ್ದ ಮೇಲೆ ಹಿಡಿದಿಡಲು ಬೇಕಾದದ್ದು ಕಡಿಮೆ. ಇದನ್ನು ಬಾಪನಿಗೆ ಹೇಳಿದಾಗ ಅವರು ನಕ್ಕರು. ಸ್ಟಾರ್ಟರ್ ಎತ್ತಲಿಕ್ಕೆ ವೋಲ್ಟೇಜ್ ಜಾಸ್ತಿ ಬೇಕು, ಎತ್ತಿದ ಮೇಲೆ ಕಡಿಮೆಯಾದರೂ ಬಿಡುವುದಿಲ್ಲ, ಅದಕ್ಕೇ ಅಲ್ವಾ ಮೋಟಾರ್ ಸುಡುವುದು ಎಂದರು. ಹದಿನಾರು ವರ್ಷಗಳಿಂದ ಅವರಿಗೆ ಗೊತ್ತಿದ್ದದ್ದನ್ನು ನಾನು ಕಲನಶಾಸ್ತ್ರ ಹಾಕಿ ಕಂಡುಹಿಡಿದಿದ್ದೆ, ಅಷ್ಟೇ.

ಟ್ರಾನ್ಸಿಸ್ಟರ್ ಇರುವಾಗ ಯಾರಿಗಾದರೂ ರಿಲೇ ಏಕೆ ಬೇಕು? ಗೆಳತಿಯ ಮಾತಿನಲ್ಲಿದ್ದ ಪ್ರಶ್ನೆಯೂ ಇದೇ. ನ್ಯಾಯವಾದ ಪ್ರಶ್ನೆ. ಒಂದು ಕಾಲದಲ್ಲಿ ಕಂಪ್ಯೂಟರುಗಳನ್ನು ರಿಲೇಗಳಿಂದಲೇ ಕಟ್ಟುತ್ತಿದ್ದರು. ಕಂಪ್ಯೂಟರ್ ಸೈನ್ಸಿನವರು ಓದುವ ಬೂಲಿಯನ್ ಬೀಜಗಣಿತವನ್ನು ಸರ್ಕ್ಯೂಟಿಗೆ ತಂದ ಕ್ಲಾಡ್ ಶಾನನ್ 1937ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ ಬರೆದ ಪ್ರಬಂಧದ ವಿಷಯವೇ ರಿಲೇ ಸರ್ಕ್ಯೂಟುಗಳು. ಅಂದರೆ ಪಿಸಿಎಂಸಿಯ ಆ ಅಧ್ಯಾಯ ಹುಟ್ಟಿದ್ದು ಗುಜರಿಗೆ ಹೋಗಲಿರುವ ನಮ್ಮ ಗೋಣಿಚೀಲದಿಂದ. ಜರ್ಮನಿಯ ಕೊನ್ರಾಡ್ ಝೂಸೆ 1941ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಿಲೇಗಳಿಂದ ಝಡ್-3 ಎಂಬ ಯಂತ್ರ ಕಟ್ಟಿದರು. ಅದು ಯುದ್ಧದ ಬಾಂಬಿಗೆ ಸಿಕ್ಕಿ ನಾಶವಾಯಿತು. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ಮಾರ್ಕ್-2 ಯಂತ್ರ ಕೈಕೊಟ್ಟಾಗ ಒಂದು ರಿಲೇಯ ನಡುವೆ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಲಾಗ್ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ರಿಲೇಯ ಕಥೆ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ತಿಳಿದರು.

ಆದರೆ ಟ್ರಾನ್ಸಿಸ್ಟರಿಗೆ ಒಂದು ರೋಗ ಉಂಟು. ಅದು ಪೂರ್ತಿ ಆಫ್ ಆಗುವುದಿಲ್ಲ. ಎಷ್ಟು ತಿರುಗಿಸಿದರೂ ಹನಿ ಬೀಳುವ ಹಳೆಯ ನಲ್ಲಿಯ ಹಾಗೆ ಸೋರುತ್ತಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ಸಾಮಾನ್ಯ ಟ್ರಾನ್ಸಿಸ್ಟರಿನ ಸೋರಿಕೆಯನ್ನು ಹತ್ತನೇ ಒಂದಕ್ಕೆ ಇಳಿಸಬೇಕಾದರೆ ಗೇಟಿನ ವೋಲ್ಟೇಜನ್ನು ಕನಿಷ್ಠ 60 ಮಿಲಿವೋಲ್ಟಿನಷ್ಟು ಬದಲಿಸಲೇಬೇಕು. ಇದು ಯಾವುದೇ ಕಂಪೆನಿಯ ತಪ್ಪಲ್ಲ, ಎಲೆಕ್ಟ್ರಾನುಗಳ ಉಷ್ಣ ಚಲನೆಯ ನಿಯಮ. ಒಂದು ಟ್ರಾನ್ಸಿಸ್ಟರ್ ಸೋರುವುದು ಲೆಕ್ಕಕ್ಕಿಲ್ಲ. ಒಂದು ಚಿಪ್ಪಿನಲ್ಲಿ ನೂರಾರು ಕೋಟಿ ಇದ್ದಾಗ? ಫೋನು ಜೇಬಿನಲ್ಲಿ ಸುಮ್ಮನಿದ್ದರೂ ಬ್ಯಾಟರಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ರಿಲೇ ಸೋರುವ ನಲ್ಲಿಯಲ್ಲ, ಪೈಪನ್ನೇ ಬಿಚ್ಚಿ ದೂರ ಇಟ್ಟ ಹಾಗೆ. ನಡುವೆ ಖಾಲಿ ಜಾಗ. ಅಂತರ ತೀರಾ ಒಂದೆರಡು ನ್ಯಾನೋಮೀಟರಿಗೆ ಇಳಿಯದಿದ್ದರೆ ಎಲೆಕ್ಟ್ರಾನ್ ದಾಟುವುದೇ ಇಲ್ಲ. ಬಿಸಿಗೂ ಹೆದರುವುದಿಲ್ಲ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದವರು 2010ರಲ್ಲಿ ಸಿಲಿಕಾನ್ ಕಾರ್ಬೈಡಿನ ಇಂಥ ಪುಟ್ಟ ಚಲಿಸುವ ಸ್ವಿಚ್ಚುಗಳನ್ನು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡಿಸಿ ತೋರಿಸಿದರು. ಅದು ನ್ಯಾನೋಟ್ಯೂಬ್ ಅಲ್ಲ, ಆದರೆ ಅದೇ ಕುಟುಂಬ. ಆ ಉಷ್ಣತೆಯಲ್ಲಿ ನಮ್ಮ ಸಿಲಿಕಾನ್ ಚಿಪ್ಪು ಒಂದು ಕ್ಷಣವೂ ನಿಲ್ಲುವುದಿಲ್ಲ. ಹಾಗಾಗಿ ಅಜ್ಜನ ಕಾಲದ ರಿಲೇಯನ್ನು ಹುಡುಕಿಕೊಂಡು ಹೊಸ ಕಾಲದವರೇ ವಾಪಸು ಬಂದರು.

ಇಷ್ಟು ಬರೆದ ಮೇಲೆ ಕಾರ್ಬನ್ ನ್ಯಾನೋಟ್ಯೂಬ್ ನಾಳೆ ಎಲ್ಲ ಕಂಪ್ಯೂಟರನ್ನೂ ಬದಲಿಸಲಿದೆ ಎಂದು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಸೆಮಿನಾರಿನಲ್ಲಿ ನಾನು ಹಾಗೆಯೇ ಹೇಳಿದ್ದೆ. ಚಪ್ಪಾಳೆಯೂ ಸಿಕ್ಕಿತು. ಬಳಿಕ ವಿಜ್ಞಾನ ಮೇಳದಲ್ಲಿ ಥರ್ಮೊಕೋಲಿನ ಮೇಲೆ ಸೈಕಲ್ ಬ್ರೇಕಿನ ತಂತಿಯಿಂದ ಮಾದರಿ ಮಾಡಿ ಇಟ್ಟಾಗ ತೀರ್ಪುಗಾರರೊಬ್ಬರು ಕೇಳಿದರು: “ಇದು ಮಾರ್ಕೆಟ್ಟಿಗೆ ಬಂದಿದೆಯೇನಮ್ಮಾ?” ಇಲ್ಲ ಸರ್ ಎಂದೆ. “ಮತ್ತೆ?” ಎಂದು ಮುಂದಿನ ಮೇಜಿಗೆ ಹೋದರು. ಆ ‘ಮತ್ತೆ’ ನನ್ನನ್ನು ಬಹಳ ದಿನ ಕಾಡಿತು. ಆಮೇಲೆ ಎಲೆಕ್ಟ್ರಾನಿಕ್ಸ್ ಮೇಡಂ ಜೊತೆ ಕೂತು ಸರಿಯಾಗಿ ಓದಿದೆ. ಆಗ ತಿಳಿದದ್ದು ಹೀಗಿದೆ.

2000ದಲ್ಲಿ ಹಾರ್ವರ್ಡಿನ ಚಾರ್ಲ್ಸ್ ಲೀಬರ್ ಗುಂಪಿನ ಥಾಮಸ್ ರ‍್ಯೂಕೆಸ್ ಮತ್ತಿತರರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಯೋಜನೆ ಪ್ರಕಟಿಸಿದರು. ಒಂದರ ಮೇಲೊಂದು ಅಡ್ಡಲಾಗಿ ನ್ಯಾನೋಟ್ಯೂಬುಗಳು, ನಡುವೆ ಚೂರು ಅಂತರ. ವಿರುದ್ಧ ಆವೇಶ ಕೊಟ್ಟರೆ ಮೇಲಿನದ್ದು ಬಾಗಿ ಕೆಳಗಿನದ್ದಕ್ಕೆ ಅಂಟುತ್ತದೆ. ಒಂದೇ ಆವೇಶ ಕೊಟ್ಟರೆ ದೂರ ಸರಿಯುತ್ತದೆ. ಅಂಟಿದರೆ ಒಂದು, ಬಿಟ್ಟರೆ ಸೊನ್ನೆ. ಕರೆಂಟ್ ಹೋದರೂ ನೆನಪು ಹೋಗುವುದಿಲ್ಲ. ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷ ಕೋಟಿಯಷ್ಟು ಬಿಟ್‌ಗಳು, 100 ಗಿಗಾಹರ್ಟ್ಸ್‌ಗಿಂತ ಹೆಚ್ಚಿನ ವೇಗ ಸಾಧ್ಯವೆಂದು ಅವರ ಲೆಕ್ಕ ಹೇಳಿತು. ಲೆಕ್ಕ, ಗಮನಿಸಿ. ಮಾಡಿ ತೋರಿಸಿದ್ದು ಒಂದೇ ಒಂದು ಬಿಟ್. ಮರುವರ್ಷ ನ್ಯಾಂಟೆರೋ ಎಂಬ ಕಂಪೆನಿ ಹುಟ್ಟಿತು. 2009ರಲ್ಲಿ ಅವರ ಸ್ಮೃತಿ ಚಿಪ್ಪು ಅಟ್ಲಾಂಟಿಸ್ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಗಿ ಬಂತು. 2016ರಲ್ಲಿ ಜಪಾನಿನ ಫುಜಿತ್ಸು ಸೆಮಿಕಂಡಕ್ಟರ್ ಇದರ ಪರವಾನಗಿ ಪಡೆದದ್ದಾಗಿ ಪ್ರಕಟಿಸಿತು. ಅಷ್ಟರಲ್ಲಿ ಗಾಳಿಯಲ್ಲಿ ತೂಗುವ ಕೊಳವೆಯ ವಿನ್ಯಾಸ ಹೋಗಿ, ಕೊಳವೆಗಳನ್ನು ಬಟ್ಟೆಯಂತೆ ಹೆಣೆದು ಹಾಸುವ ಬೇರೆ ವಿನ್ಯಾಸ ಬಂದಿತ್ತು. ನನ್ನ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಂದಿಗೂ ಇರುವುದು ಹಳೆಯ ಸಿಲಿಕಾನ್ ಸ್ಮೃತಿಯೇ.

ಏಕೆ ಹೀಗಾಯಿತು? ಉತ್ತರದ ಒಂದು ದೊಡ್ಡ ಭಾಗ ಬಾಪನ ಅಂಗಡಿಯಲ್ಲೇ ಇತ್ತು: ಪಾಯಿಂಟ್ ಅಂಟಿದೆ.

ಅಷ್ಟು ಚಿಕ್ಕ ಲೋಕದಲ್ಲಿ ಎರಡು ವಸ್ತುಗಳು ತಾಗಿದರೆ ವಾನ್ ಡರ್ ವಾಲ್ಸ್ ಬಲ ಅವುಗಳನ್ನು ಹಿಡಿದುಕೊಳ್ಳುತ್ತದೆ. ಕೆಮಿಸ್ಟ್ರಿಯಲ್ಲಿ ನಾವು ‘ದುರ್ಬಲ ಬಲ’ ಎಂದು ಬರೆದು ಒಂದು ಅಂಕ ಪಡೆಯುತ್ತೇವಲ್ಲ, ಅದೇ. ಗೋಡೆಯ ಮೇಲಿನ ಹಲ್ಲಿ ಬೀಳದಿರುವುದೂ ಅದರಿಂದಲೇ. ನ್ಯಾನೋಟ್ಯೂಬಿಗೆ ಅದು ದುರ್ಬಲವಲ್ಲ. ಕೊಳವೆ ಕೆಳಗೆ ಬಿದ್ದು ಅಂಟಿದರೆ ಮತ್ತೆ ಏಳುವುದೇ ಇಲ್ಲ. ಸ್ಮೃತಿಗೆ ಇದು ವರ, ಅಂಟಿಕೊಂಡದ್ದೇ ನೆನಪು. ಸ್ವಿಚ್ಚಿಗೆ ಇದು ಶಾಪ. ಕೊಳವೆಯನ್ನು ಮೋಟು ಮಾಡಿದರೆ ಬಿಗಿ ಹೆಚ್ಚಿ ಚೆನ್ನಾಗಿ ಏಳುತ್ತದೆ. ಆದರೆ ಬಗ್ಗಿಸಲು ಹೆಚ್ಚು ವೋಲ್ಟೇಜ್ ಬೇಕು. ಒಂದು ವೋಲ್ಟಿಗಿಂತ ಕಡಿಮೆಯಲ್ಲಿ ಓಡುವ ಚಿಪ್ಪುಗಳ ಕಾಲದಲ್ಲಿ ಹತ್ತು, ಇಪ್ಪತ್ತು ವೋಲ್ಟ್ ಕೇಳುವ ಸ್ವಿಚ್ಚನ್ನು ಯಾರು ಸೇರಿಸುತ್ತಾರೆ? ಇದರ ಜೊತೆಗೆ ತಾಗುವ ಕ್ಷಣದಲ್ಲಿ ಹರಿಯುವ ವಿದ್ಯುತ್ತಿಗೆ ಕೊಳವೆಯ ತುದಿಯೇ ಸುಟ್ಟು ಮೊಟಕಾಗುತ್ತದೆ. ಕೆಲವು ಮುರಿಯುತ್ತವೆ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹೊರಾಸಿಯೋ ಎಸ್ಪಿನೋಸಾ ಅವರ ಗುಂಪು ಈ ಸೋಲುಗಳನ್ನೇ ಅಧ್ಯಯನದ ವಿಷಯ ಮಾಡಿಕೊಂಡಿತು. ಎಲ್ಲಿ ಸುಡುತ್ತದೆ, ಯಾವಾಗ ಮುರಿಯುತ್ತದೆ, ಯಾವ ಅಳತೆಯಲ್ಲಿ ಅಂಟುತ್ತದೆ ಎಂದು ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. 2011ರ ಸುಮಾರಿಗೆ ಅವರು ತೋರಿಸಿದ ಪರಿಹಾರ ಏನು? ಲೋಹದ ಎಲೆಕ್ಟ್ರೋಡ್ ತೆಗೆದು, ವಜ್ರದಂಥ ಗಟ್ಟಿ ಇಂಗಾಲದ ಪದರದ ಎಲೆಕ್ಟ್ರೋಡ್ ಹಾಕಿದರು. ಸ್ವಿಚ್ಚಿನ ಬಾಳಿಕೆ ಹೆಚ್ಚಿತು. ಇದನ್ನು ನಾನು ಬಾಪನಿಗೆ ವಿವರಿಸಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: “ಅವರೂ ಉಜ್ಜಲಿಲ್ಲ. ಪಾಯಿಂಟ್ ಬದಲಿಸಿದರು.”

ಇನ್ನುಳಿದ ಕಷ್ಟ ಕೊಳವೆಗಳನ್ನು ಕೂರಿಸುವುದು. ಒಂದನ್ನು ಬೇಕಾದಲ್ಲಿ ಇಡಬಹುದು, ನೂರು ಕೋಟಿಯನ್ನು ಒಂದೇ ಉದ್ದಕ್ಕೆ, ಒಂದೇ ಅಂತರಕ್ಕೆ ಇಡುವುದು ಹೇಗೆ? ಅದಕ್ಕೆ ಇಂದಿಗೂ ಅಗ್ಗದ ದಾರಿ ಸಿಕ್ಕಿಲ್ಲ. ಸ್ಟ್ಯಾನ್‌ಫರ್ಡಿನವರು 2013ರಲ್ಲಿ 178 ಟ್ರಾನ್ಸಿಸ್ಟರುಗಳ ನ್ಯಾನೋಟ್ಯೂಬ್ ಕಂಪ್ಯೂಟರ್ ಮಾಡಿದ್ದನ್ನು ಕೆಲವರು ಇದರ ಜೊತೆ ಬೆರೆಸುತ್ತಾರೆ. ಅದರಲ್ಲಿ ಕೊಳವೆ ಅಲುಗಾಡುವುದಿಲ್ಲ. ಅದು ಟ್ರಾನ್ಸಿಸ್ಟರೇ, ಸಿಲಿಕಾನ್ ಬದಲು ಇಂಗಾಲ ಅಷ್ಟೇ. ನಾನು ಹೇಳುತ್ತಿರುವುದು ಕುಣಿಯುವ ಕೊಳವೆಯ ಕಥೆ.

ನ್ಯಾನೋಟ್ಯೂಬ್ ಎಂದ ಕೂಡಲೇ ವಾಟ್ಸ್‌ಆ್ಯಪಿನಲ್ಲಿ ಬರುವ ಇನ್ನೊಂದು ಸುದ್ದಿಯ ಬಗ್ಗೆಯೂ ಎರಡು ಮಾತು. ನಮ್ಮ ಪೂರ್ವಜರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂಬ ಸುದ್ದಿ. ಇದರ ಬುಡದಲ್ಲಿ ಒಂದು ನಿಜ ಉಂಟು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವಿಜ್ಞಾನಿಗಳು ಹಳೆಯ ಡಮಾಸ್ಕಸ್ ಖಡ್ಗವೊಂದರ ಉಕ್ಕಿನಲ್ಲಿ ನ್ಯಾನೋಟ್ಯೂಬುಗಳನ್ನು ಕಂಡದ್ದಾಗಿ ಬರೆದರು. ಆ ಖಡ್ಗಗಳಿಗೆ ಬೇಕಾದ ವೂಟ್ಸ್ ಉಕ್ಕು ದಕ್ಷಿಣ ಭಾರತದಿಂದ ಹೋಗುತ್ತಿತ್ತು. ವೂಟ್ಸ್ ಎಂಬ ಹೆಸರೇ ನಮ್ಮ ‘ಉಕ್ಕು’ ಪದದಿಂದ ಬಂದದ್ದೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಹೆಮ್ಮೆಪಡಲು ಇಷ್ಟು ಸಾಕು. ಆದರೆ ಕಮ್ಮಾರನಿಗೆ ಕುಲುಮೆಯ ಬಣ್ಣ ಗೊತ್ತಿತ್ತು, ಸುತ್ತಿಗೆಯ ಪೆಟ್ಟು ಗೊತ್ತಿತ್ತು. ನ್ಯಾನೋಟ್ಯೂಬ್ ಗೊತ್ತಿರಲಿಲ್ಲ. ಅವನ ಕೈಕೆಲಸವನ್ನು ಹೊಗಳೋಣ, ಅವನು ಹೇಳದ್ದನ್ನು ಅವನ ಬಾಯಿಗೆ ತುರುಕುವುದು ಬೇಡ. ಪೂರ್ವಜರ ಬಗ್ಗೆ ಇಂಥ ಫಾರ್ವರ್ಡ್ ಕಳಿಸುವವರೇ ಲ್ಯಾಬಿನ ಉಪಕರಣ ಗುಜರಿಗೆ ಹಾಕುವಾಗ ಸುಮ್ಮನಿರುವುದು ನನಗೆ ಅರ್ಥವಾಗದ ಸಂಗತಿ.

ಈಗ ತೀರ್ಪುಗಾರರ ‘ಮತ್ತೆ?’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಮಾರ್ಕೆಟ್ಟಿಗೆ ಬಾರದ ಈ ಸ್ವಿಚ್ಚಿನಿಂದ ನಾನು ಕುಲಂಬ್, ಹುಕ್ ಮತ್ತು ವಾನ್ ಡರ್ ವಾಲ್ಸ್ ಒಂದೇ ಚಿತ್ರದಲ್ಲಿ ಜಗಳವಾಡುವುದನ್ನು ನೋಡಿದೆ. ಮೂರು ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ ಓದಿದ್ದಾಗ ಅವು ಒಂದನ್ನೊಂದು ಬಲ್ಲವೆಂದೇ ತಿಳಿದಿರಲಿಲ್ಲ. ‘ಸಾಧ್ಯ’ ಎಂಬ ಪದಕ್ಕೂ ‘ಮಾಡಲಾಗಿದೆ’ ಎಂಬ ಪದಕ್ಕೂ ಎಷ್ಟು ದೂರವೆಂದು ತಿಳಿಯಿತು. ಇನ್ನು ಮುಂದೆ ಸೆಮಿನಾರಿನಲ್ಲಿ ಸುಮ್ಮನೆ ಚಪ್ಪಾಳೆ ತೆಗೆದುಕೊಳ್ಳಲಾರೆ. ಸೋಲನ್ನು ಪ್ರಕಟಿಸುವುದೂ ವಿಜ್ಞಾನವೇ ಎಂದು ನನಗೆ ಗೊತ್ತಾದದ್ದು ಪಠ್ಯಪುಸ್ತಕದಿಂದಲ್ಲ. ಅಂಟಿದ ಪಾಯಿಂಟಿನ ಬಗ್ಗೆ ಪ್ರಬಂಧ ಬರೆಯುವವರೂ ಲೋಕದಲ್ಲಿದ್ದಾರೆ, ಅವರ ಪ್ರಬಂಧ ನನ್ನ ಬಾಪನಿಗೆ ಅರ್ಥವಾಗುತ್ತದೆ.

ಗೆಳತಿಯ ಒಂದು ಮಾತು ಒಪ್ಪುತ್ತೇನೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಕೆಲಸ ಬೇಗ ಸಿಗಬಹುದು, ಹೆತ್ತವರು ಅದನ್ನು ನೋಡುವುದರಲ್ಲಿ ತಪ್ಪಿಲ್ಲ. ಫೀಸು ಕಟ್ಟುವವರು ಅವರು. ಆದರೆ ಎಂಜಿನಿಯರಿಂಗ್ ಸಿಇಟಿಯಲ್ಲಿ ಪ್ರಶ್ನೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಮಾತ್ರ. ನಾಲ್ಕನೆಯ ವಿಷಯ ಎಲೆಕ್ಟ್ರಾನಿಕ್ಸ್ ಆದರೂ ಕಂಪ್ಯೂಟರ್ ಆದರೂ ಬಾಗಿಲು ಮುಚ್ಚುವುದಿಲ್ಲ. ಇದನ್ನು ಪ್ರವೇಶದ ದಿನ ಎಷ್ಟು ಮಂದಿ ಪೋಷಕರಿಗೆ ಯಾರಾದರೂ ಹೇಳಿದ್ದಾರೆ? ನನ್ನ ಬಾಪನಿಗೆ ಯಾರೂ ಹೇಳಿರಲಿಲ್ಲ. ಅವರು ನನ್ನನ್ನು ಇಲ್ಲಿ ಸೇರಿಸಿದ್ದು ಸ್ಟಾರ್ಟರಿನ ಮೇಲಿನ ಪ್ರೀತಿಯಿಂದ.

ನ್ಯಾನೋ ಸಂಶೋಧನೆ ಎಂದರೆ ಅಮೆರಿಕ, ಜಪಾನ್ ಎಂದುಕೊಳ್ಳಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವೇ ಇದೆ. ಧೂಳಿಲ್ಲದ ಕೋಣೆಗಳಲ್ಲಿ ಸಿಲಿಕಾನಿನ ಮೇಲೆ ಕಣ್ಣಿಗೆ ಕಾಣದ ತೊಲೆಗಳನ್ನು ಕೆತ್ತುವ ಕೆಲಸ ಅಲ್ಲಿ ನಡೆಯುತ್ತದೆ. ಅದೇ ಸಂಸ್ಥೆಯ ಎ.ಕೆ. ಸೂದ್ ಮತ್ತು ಸಂಗಡಿಗರು 2003ರಲ್ಲಿ ನ್ಯಾನೋಟ್ಯೂಬುಗಳ ಮೇಲೆ ದ್ರವ ಹರಿದರೆ ವೋಲ್ಟೇಜ್ ಹುಟ್ಟುತ್ತದೆ ಎಂದು ತೋರಿಸಿದರು. ಇಲ್ಲಿಂದ ಒಂದು ರಾತ್ರಿಯ ಬಸ್ಸು. ನಮ್ಮ ಕಾಲೇಜಿನಿಂದ ಆ ಬಸ್ಸು ಹತ್ತುವವರು ರಿಲೇಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದಿರಬೇಡವೇ?

ತಮ್ಮ ಈ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತಾನೆ. ಅವನಿಗೆ ಪಿಸಿಎಂಇಯೇ ಬೇಕು. ಇಲ್ಲಿ ಇಲ್ಲದಿದ್ದರೆ ಎರಡು ಬಸ್ಸು ಬದಲಿಸಿ ಪೇಟೆಯ ಕಾಲೇಜಿಗೆ ಹೋಗಬೇಕು. ಅವನು ಹೋದಾನು, ಹುಡುಗ. ಅವನ ತರಗತಿಯಲ್ಲಿ ಇದೇ ಆಸೆಯಿರುವ ಇಬ್ಬರು ಹುಡುಗಿಯರಿದ್ದಾರೆ. ಅವರನ್ನು ಮನೆಯವರು ಎರಡು ಬಸ್ಸಿಗೆ ಹತ್ತಿಸುವುದಿಲ್ಲ. ಅವರು ಇಲ್ಲೇ ಏನು ಸಿಗುತ್ತದೋ ಅದನ್ನು ಓದುತ್ತಾರೆ. ಆಡಳಿತ ಮಂಡಳಿಯ ಹಿರಿಯರು ಸಂಖ್ಯೆ ನೋಡುವಾಗ ಈ ಇಬ್ಬರನ್ನೂ ನೋಡಬೇಕೆಂದು ನನ್ನ ವಿನಂತಿ. ವಿಭಾಗವನ್ನು ಇನ್ನೆರಡು ವರ್ಷ ಉಳಿಸಿ ನೋಡಲಿ. ಪ್ರವೇಶದ ದಿನ ನಾವು ಹನ್ನೊಂದು ಮಂದಿಯೂ ಮೇಜು ಹಾಕಿ ಕೂತು ಪೋಷಕರಿಗೆ ವಿವರಿಸಲು ತಯಾರಿದ್ದೇವೆ. ಪಿಸಿಎಂಸಿಯ ಗೆಳತಿಯೂ ಬಂದು ಕೂರಲಿ, ಎದುರು ವಾದ ಮಾಡಲಿ, ಚಹಾ ನಮ್ಮದು.

ಗೋಣಿಚೀಲವನ್ನು ನಾನು ಕಚೇರಿಯಲ್ಲಿ ಕೇಳಿ ಬಾಪನ ಅಂಗಡಿಗೆ ಒಯ್ದೆ. ಇಪ್ಪತ್ತಮೂರು ರಿಲೇಗಳಿದ್ದವು. ಬಾಪ ಮತ್ತು ತಮ್ಮ ಶುಕ್ರವಾರ ಮಧ್ಯಾಹ್ನ ಎಲ್ಲವನ್ನೂ ಬಿಚ್ಚಿ ನೋಡಿದರು. ಐದರ ಪಾಯಿಂಟ್ ಪೂರ್ತಿ ಸುಟ್ಟಿದೆ, ಎರಡರ ಕಾಯಿಲ್ ಹೋಗಿದೆ. ಉಳಿದ ಹದಿನಾರೂ ಟಕ್ ಎನ್ನುತ್ತವೆ. ಅವು ಈಗ ಲ್ಯಾಬಿನ ಕಿಟಕಿ ಪಕ್ಕದ ಮೇಜಿನ ಮೇಲಿವೆ, ವಿನಂತಿ ಪತ್ರವೂ ಅಲ್ಲೇ ಇದೆ. ಸಹಿ ಹಾಕುವವರು ಶನಿವಾರ ಮಧ್ಯಾಹ್ನದೊಳಗೆ ಬನ್ನಿ.